ಕೌನ್ಸೆಲಿಂಗ್ ಮಾಡ್ಸಿ ಪ್ಲಾನ್ ಕೊಟ್ರೂ ಸಾಲ ಕೊಟ್ಟವರು ಒಪ್ಪುದಿಲ್ಲ ಅಂದ್ರೆ ಎಂತ ಮಾಡುದು? ಮುಂಬೈಯಲ್ಲಿರೋ ನಮ್ಮವರಿಗೆ

ಸಾಲ ಕೈಮೀರಿ ಹೋದಾಗ ಕೆಲವರು ಬ್ಯಾಂಕಿನವರ ಲಿಟರಸಿ ಸೆಂಟರಿಗೋ (ಹಣಕಾಸಿನ ತಿಳುವಳಿಕೆ ಕೊಡೋ ಕೇಂದ್ರ) ಪರಿಚಯದ ಕೌನ್ಸೆಲರ್ ಹತ್ರನೋ ಹೋಗ್ತಾರೆ, ಅವ್ರು ಕೂತು ಸಂಬಳ, ರೂಮ್ ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸೋ ದುಡ್ಡು ಎಲ್ಲ ಲೆಕ್ಕ ಹಾಕಿ ತಿಂಗಳಿಗೆ ಇಷ್ಟು ಉಳಿತದೆ, ಇದನ್ನ ಇವ್ರಿಗೆಲ್ಲ ಹೀಗೆ ಹಂಚಿ ಅಂತ ಒಂದು ಕಾಗದ ಮಾಡಿ ಕೊಡ್ತಾರೆ. ಅದನ್ನ ಹಿಡ್ಕೊಂಡು ಬ್ರಾಂಚಿಗೆ ಹೋದ್ರೆ ಅಲ್ಲಿ "ನಮ್ಮಲ್ಲಿ ಇಂಥ ಸ್ಕೀಮೇ ಇಲ್ಲ, ಪೂರಾ ಹಫ್ತಾ (ತಿಂಗಳ ಕಂತು) ಕಟ್ಟಿ" ಅಂತ ಎರಡು ನಿಮಿಷದಲ್ಲಿ ಕಳಿಸ್ತಾರೆ. ಡೊಂಬಿವಲಿ, ಠಾಣೆ, ಮೀರಾರೋಡ್, ವಾಶಿ ಕಡೆ ನಮ್ಮ ಹೋಟೆಲಿನವರು, ಕ್ಯಾಂಟೀನ್ ಕಾಂಟ್ರಾಕ್ಟಿನವರು, ಆಫೀಸಿಗೆ ಹೋಗೋರು ಎಷ್ಟೋ ಜನ ಇಲ್ಲಿಗೇ ಕೈಚೆಲ್ಲಿ ಬಿಡ್ತಾರೆ, ಫೋನ್ ಸ್ವಿಚ್ ಆಫ್ ಮಾಡ್ತಾರೆ, ಇಲ್ಲದಿದ್ರೆ ಇನ್ನೊಂದು ಆ್ಯಪಿಂದ ಸಾಲ ತೆಗ್ದು ಇದನ್ನ ಕಟ್ತಾರೆ. ಅಲ್ಲಿಂದ ಮುಂದೆ ದಾರಿ ಉಂಟು, ಅದನ್ನೇ ಬರೀತಾ ಇದ್ದೇನೆ.

ಸುರುವಿಗೆ ಒಂದು ಕಹಿ ಸತ್ಯ ಗೊತ್ತಿರ್ಬೇಕು. ಬ್ಯಾಂಕುಗಳು ಕೌನ್ಸೆಲಿಂಗ್ ಸೆಂಟರ್ ನಡೆಸ್ಲಿಕ್ಕೆ ಆರ್‌ಬಿಐ 2009ರಲ್ಲಿ ಒಂದು ಮಾದರಿ ಸ್ಕೀಮ್ ಕೊಟ್ಟಿತ್ತು ನಿಜ, ಆದ್ರೆ ಕೌನ್ಸೆಲರ್ ಮಾಡಿದ ಪ್ಲಾನನ್ನ ಸಾಲ ಕೊಟ್ಟವರು ಒಪ್ಪಲೇಬೇಕು ಅಂತ ಕಾನೂನು ಎಲ್ಲೂ ಇಲ್ಲ. ಸೆಟಲ್‌ಮೆಂಟ್ (ಕಮ್ಮಿ ಮೊತ್ತ ಕಟ್ಟಿ ಸಾಲ ಮುಗ್ಸೋ ಒಪ್ಪಂದ) ಕೂಡ ಹಾಗೇ, ಒನ್ ಟೈಮ್ ಸೆಟಲ್‌ಮೆಂಟ್ ಕೊಡಿ ಅಂತ ಹಕ್ಕಿನಿಂದ ಕೇಳ್ಲಿಕ್ಕೆ ಬರುದಿಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ಬಿಜ್ನೋರ್ ಅರ್ಬನ್ ಕೋಆಪರೇಟಿವ್ ಬ್ಯಾಂಕಿನ ಕೇಸಲ್ಲಿ ಹೇಳಿಬಿಟ್ಟಿದೆ. ಹಾಗಾಗಿ ಅವ್ರು ಇಲ್ಲ ಅಂದದ್ದೇ ತಪ್ಪು ಅಂತ ಜಗಳಕ್ಕೆ ನಿಂತ್ರೆ ಸೋಲ್ತೀರಿ. ಅವ್ರು ಹೇಗೆ ಇಲ್ಲ ಅಂದ್ರು, ಇಲ್ಲ ಅಂದ ಮೇಲೆ ನಿಮ್ಮ ಜೊತೆ ಹೇಗೆ ನಡ್ಕೊಂಡ್ರು, ಲೆಕ್ಕ ಸರಿ ಕೊಟ್ರಾ ಇಲ್ವಾ, ಇದ್ರ ಮೇಲೆ ಮಾತ್ರ ನಿಮ್ಮ ಹಿಡಿತ ಇರುದು. ಅದಕ್ಕೆ ಬಾಯಿಮಾತಿನ "ಇಲ್ಲ"ವನ್ನ ಕಾಗದದ ಮೇಲೆ ತರುದೇ ಮೊದಲ ಕೆಲಸ.

ಕಾಗದಕ್ಕೆ ಮೊದ್ಲು ನಿಮ್ಮ ಲೆಕ್ಕ ಗಟ್ಟಿ ಮಾಡ್ಕೊಳ್ಳಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕು ಕ್ರೆಡಿಟ್ ಕಂಪನಿಗಳೂ (ಜನರ ಸಾಲದ ದಾಖಲೆ ಇಡೋರು) ವರ್ಷಕ್ಕೊಂದು ಪೂರಾ ರಿಪೋರ್ಟ್ ಫ್ರೀ ಕೊಡ್ಬೇಕು, ಅದನ್ನ ತೆಗ್ದ್ರೆ ಯಾರ್ಯಾರ ಹತ್ರ ಎಷ್ಟು ಬಾಕಿ, ಯಾವ ಸಾಲ ಬೇರೆಯವರಿಗೆ ಮಾರಿ ಹೋಗಿದೆ ಎಲ್ಲ ಕಾಣ್ತದೆ. ಪತಪೇಢಿ (ಸಹಕಾರಿ ಸಾಲ ಸಂಘ), ಸಾವ್ಕಾರ, ಭಿಶಿ (ಚೀಟಿ ಫಂಡು), ಸಂಬಂಧಿಕರ ಕೈಸಾಲ ಅದ್ರಲ್ಲಿ ಕಾಣದೇ ಇರ್ಬಹುದು, ಅದನ್ನ ನೀವೇ ಬರ್ಕೊಳ್ಬೇಕು. ಆಮೇಲೆ ಹಂಚೋ ಲೆಕ್ಕ. ಉದಾಹರಣೆಗೆ ಘಾಟ್ಕೋಪರಿನಲ್ಲಿ ಒಬ್ರಿಗೆ ಖರ್ಚೆಲ್ಲ ಕಳೆದು ತಿಂಗಳಿಗೆ 8,500 ಉಳಿತದೆ ಅಂತಿಟ್ಕೊಳ್ಳಿ, ಸಾಲ ಒಟ್ಟು 7,20,000, ಅದ್ರಲ್ಲಿ ಪರ್ಸನಲ್ ಲೋನ್ 3,60,000, ಒಂದು ಕಾರ್ಡು 1,44,000, ಇನ್ನೊಂದು ಕಾರ್ಡು 72,000, ಪತಪೇಢಿ 1,44,000. ಬಾಕಿಯ ಪ್ರಮಾಣದಲ್ಲೇ ಹಂಚಿದ್ರೆ ಲೋನಿಗೆ 4,250, ದೊಡ್ಡ ಕಾರ್ಡಿಗೆ 1,700, ಚಿಕ್ಕದಕ್ಕೆ 850, ಪತಪೇಢಿಗೆ 1,700. ಈ ರೀತಿ ಹಂಚಿದ್ದರ ಬಲ ಎಂತ ಅಂದ್ರೆ ನೀವು ಯಾರಿಗೂ ಮೋಸ ಮಾಡ್ತಾ ಇಲ್ಲ ಅಂತ ಮುಂದೆ ಯಾವ ಅಧಿಕಾರಿ ಎದುರು ಬೇಕಾದ್ರೂ ತೋರಿಸ್ಬಹುದು. ಗಟ್ಟಿ ಕಿರುಚಿದವನಿಗೆ ಪೂರಾ ಕೊಟ್ಟು ಸುಮ್ಮನಿದ್ದವನಿಗೆ ಕೈಕೊಡುದು ಅತ್ಯಂತ ಕೆಟ್ಟ ಪದ್ಧತಿ, ಆದ್ರೆ ಹೆಚ್ಚಿನವರು ಮಾಡುದು ಅದನ್ನೇ. ಒಂದು ವಿನಾಯಿತಿ ಮಾತ್ರ, ಮನೆಯೋ ರಿಕ್ಷಾನೋ ಅಡವಿದ್ದು ಅದಿಲ್ಲದೆ ಬದುಕೇ ನಡೆಯುದಿಲ್ಲ ಅಂತಾದ್ರೆ ಆ ಹಫ್ತಾ ಮೊದ್ಲು.

ಈಗ ಪತ್ರ. ಇಂಗ್ಲಿಷಲ್ಲೋ ಮರಾಠಿಯಲ್ಲೋ ಯಾರಾದ್ರೂ ಓದಿದ ಹುಡುಗರ ಹತ್ರ ಬರೆಸಿ, ಒಂದು ಪುಟ ಸಾಕು. ಲೋನ್ ನಂಬರು, ಕಷ್ಟ ಎಂತ ಆಯ್ತು (ಕೆಲಸ ಹೋಯ್ತಾ, ಆಸ್ಪತ್ರೆ ಖರ್ಚಾ, ಹೋಟೆಲ್ ಮುಚ್ಚಿತಾ), ತಿಂಗಳ ಆದಾಯ ಖರ್ಚು, ಎಲ್ಲ ಸಾಲದ ಪಟ್ಟಿ, ನೀವು ಕೊಡ್ತೀನಿ ಅನ್ನೋ ಮೊತ್ತ, ಎಷ್ಟನೇ ತಾರೀಕಿಂದ ಅನ್ನುದು. ಕೊನೆಗೆ ಮೂರು ವಿಷಯ ಕೇಳಿ: ಪೂರಾ ಸ್ಟೇಟ್‌ಮೆಂಟ್ ಕೊಡಿ, ಅದ್ರಲ್ಲಿ ಅಸಲು ಬಡ್ಡಿ ಪೀನಲ್ ಚಾರ್ಜ್ (ತಡ ಆದದ್ದಕ್ಕೆ ದಂಡ) ಬೇರೆ ಬೇರೆ ತೋರ್ಸಿ, ನಿಮ್ಮ ಬೋರ್ಡ್ ಒಪ್ಪಿದ ಕಾಂಪ್ರಮೈಸ್ ಪಾಲಿಸಿಯಲ್ಲಿ ನನ್ನ ಕೇಸ್ ನೋಡಿ, ಒಪ್ಪದಿದ್ರೆ ಕಾರಣ ಬರ್ದು ಕೊಡಿ. 2023ರ ಜೂನ್‌ನಲ್ಲಿ ಆರ್‌ಬಿಐ ಹೊರಡಿಸಿದ ಸುತ್ತೋಲೆ ಪ್ರಕಾರ ಬ್ಯಾಂಕು, ಬ್ಯಾಂಕಲ್ಲದ ಫೈನಾನ್ಸ್ ಕಂಪನಿ ಅಂದ್ರೆ ಎನ್‌ಬಿಎಫ್‌ಸಿಗಳಿಗೆ ಕಾಂಪ್ರಮೈಸ್ ಸೆಟಲ್‌ಮೆಂಟಿಗೆ ಬೋರ್ಡ್ ಪಾಲಿಸಿ ಇರಲೇಬೇಕು, ಹಾಗಾಗಿ "ಅಂಥದ್ದು ನಮ್ಮಲ್ಲಿ ಇಲ್ವೇ ಇಲ್ಲ" ಅಂತ ಕೌಂಟರಿನವ್ರು ಹೇಳಿದ್ರೆ ಅದನ್ನ ನಂಬ್ಬೇಡಿ, ಅವರ ಕೈಯಲ್ಲಿ ಅಧಿಕಾರ ಇಲ್ಲ ಅಷ್ಟೇ. ಪತ್ರವನ್ನ ಇಮೇಲ್ ಮಾಡಿ, ಜೊತೆಗೆ ಸ್ಪೀಡ್ ಪೋಸ್ಟ್ ಹಾಕಿ, ಬ್ರಾಂಚಿಗೆ ಕೊಟ್ರೆ ಕಾಪಿ ಮೇಲೆ ಸೀಲ್ ಹಾಕ್ಸಿ. ಪೀನಲ್ ಚಾರ್ಜ್ ವಿಷಯ ಯಾಕೆ ಕೇಳ್ಬೇಕು ಅಂದ್ರೆ 2024ರಿಂದ ಕ್ರೆಡಿಟ್ ಕಾರ್ಡ್ ಬಿಟ್ಟು ಬೇರೆ ಲೋನುಗಳಲ್ಲಿ ದಂಡವನ್ನ ಬಡ್ಡಿ ರೂಪದಲ್ಲಿ ಹಾಕುವ ಹಾಗಿಲ್ಲ, ಆ ದಂಡದ ಮೇಲೆ ಮತ್ತೆ ಬಡ್ಡಿ ಬೆಳೆಸುವ ಹಾಗೂ ಇಲ್ಲ, ಆದ್ರೂ ಸ್ಟೇಟ್‌ಮೆಂಟ್ ಕೈಗೆ ಬಂದಾಗ ಸಾಲುಸಾಲಾಗಿ ಓದಿ ನೋಡ್ಬೇಕು.

ಉತ್ತರ ಬರ್ಲಿ ಬಿಡ್ಲಿ, ನೀವು ಹೇಳಿದ ಮೊತ್ತವನ್ನ ಹೇಳಿದ ತಾರೀಕಿಗೆ ಲೋನ್ ಅಕೌಂಟಿಗೇ ಹಾಕ್ತಾ ಹೋಗಿ, ನಗದು ಬೇಡ, ಏಜೆಂಟಿನ ಯುಪಿಐಗೆ ಸುತರಾಂ ಬೇಡ. ಇದ್ರಿಂದ ಬಾಕಿ ಕೂಡಲೇ ಕರಗುದಿಲ್ಲ, ಮೊದ್ಲು ಬಡ್ಡಿಗೇ ಹೋಗ್ತದೆ, ಆದ್ರೆ ಆರು ತಿಂಗಳು ಬಿಡದೆ ಕಟ್ಟಿದ ರೆಕಾರ್ಡ್ ಇದ್ರೆ ಮುಂದೆ ಮಾತಾಡುವಾಗ ನಿಮ್ಮ ಮಾತಿಗೆ ತೂಕ ಬರ್ತದೆ. (ಹಳೇ ಸಾಲದವರು ಒಂದು ತಿಳ್ಕೊಳ್ಳಿ, ಅಡವಿಲ್ಲದ ಸಾಲಕ್ಕೆ ಕೋರ್ಟಿಗೆ ಹೋಗ್ಲಿಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ, ಅದು ಮುಗಿಯೋ ಮೊದ್ಲು ಬರವಣಿಗೆಯಲ್ಲಿ ಒಪ್ಕೊಂಡ್ರೆ ಅಥವಾ ಸ್ವಲ್ಪ ಕಟ್ಟಿದ್ರೆ ಲೆಕ್ಕ ಹೊಸದಾಗಿ ಸುರು ಆಗ್ತದೆ. ಬಹಳ ಹಳೇದಾದ್ರೆ ಪತ್ರ ಬರೆಯೋ ಮೊದ್ಲು ವಕೀಲರನ್ನ ಕೇಳಿ.) ಇನ್ನೊಂದು ತುಂಬಾ ಮುಖ್ಯ, ನಿಮ್ಮ ಸಂಬಳ ಬರೋ ಅಕೌಂಟೂ ಸಾಲವೂ ಒಂದೇ ಬ್ಯಾಂಕಲ್ಲಿದ್ರೆ ಅವ್ರು ಅಕೌಂಟಿಂದಲೇ ಬಾಕಿ ಹಿಡ್ಕೊಳ್ಳೋ ಸಾಧ್ಯತೆ ಉಂಟು, ಒಂದನೇ ತಾರೀಕಿಗೆ ಬ್ಯಾಲೆನ್ಸ್ ಸೊನ್ನೆ ಆದ್ರೆ ಪ್ಲಾನ್ ಪೂರಾ ನೆಲಕಚ್ತದೆ, ಹಾಗಾಗಿ ಸಂಬಳವನ್ನ ಸಾಲ ಇಲ್ಲದ ಬೇರೆ ಬ್ಯಾಂಕಿಗೆ ಬದಲಾಯಿಸಿ.

ಬ್ಯಾಂಕು, ಎನ್‌ಬಿಎಫ್‌ಸಿ ಒಳಗೇ ಗ್ರೀವನ್ಸ್ ಆಫೀಸರ್, ನೋಡಲ್ ಆಫೀಸರ್ ಅಂತ ಇರ್ತಾರೆ, ಹೆಸರು ಇಮೇಲ್ ಅವರ ವೆಬ್‌ಸೈಟಲ್ಲೇ ಇರ್ತದೆ. ಬ್ರಾಂಚಿನವರ ಹತ್ರ ಅಲೆಯುದು ಬಿಟ್ಟು ದೂರನ್ನ ಅಲ್ಲಿಗೆ ಕಳಿಸಿ. 30 ದಿನದೊಳಗೆ ಉತ್ತರ ಬರ್ಲಿಲ್ಲ ಅಥವಾ ಬಂದ ಉತ್ತರ ಸರಿ ಇಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್, ಅಂದ್ರೆ ದೂರು ವಿಚಾರಿಸೋ ಅಧಿಕಾರಿಗೆ, ಅವರ ಸಿಎಂಎಸ್ ಪೋರ್ಟಲ್ಲಿನಲ್ಲಿ ಹಾಕ್ಬಹುದು, ಒಂದು ಪೈಸೆ ಫೀಸಿಲ್ಲ, ಸಹಾಯಕ್ಕೆ 14448. ಇಲ್ಲಿ ಹೆಚ್ಚಿನವರು ಎಡವುದು ಎಲ್ಲಿ ಅಂದ್ರೆ "ಬ್ಯಾಂಕ್ ನನ್ನ ಪ್ಲಾನ್ ಒಪ್ತಾ ಇಲ್ಲ" ಅಂತ ದೂರು ಹಾಕ್ತಾರೆ, ಅದು ಬ್ಯಾಂಕಿನ ವ್ಯಾಪಾರದ ನಿರ್ಧಾರ ಅಂತ ಅಲ್ಲೇ ತಿರಸ್ಕಾರ ಆಗ್ತದೆ. ದೂರು ಹಾಕ್ಬೇಕಾದ್ದು ಪತ್ರಕ್ಕೆ ಉತ್ತರ ಕೊಟ್ಟಿಲ್ಲ, ಸ್ಟೇಟ್‌ಮೆಂಟ್ ಕೊಟ್ಟಿಲ್ಲ, ಚಾರ್ಜ್ ತಪ್ಪು ಹಾಕಿದ್ದಾರೆ, ಏಜೆಂಟ್ ಹೀಗೆ ಬೈದಿದ್ದಾನೆ, ಅನ್ನೋ ಸೇವೆಯ ಕೊರತೆ ಬಗ್ಗೆ. ವಕೀಲರ ಮೂಲಕ ಹಾಕಿದ್ರೂ ತೆಗೆದುಕೊಳ್ಳುದಿಲ್ಲ, ನಿಮ್ಮ ಹೆಸರಲ್ಲೇ ಹಾಕಿ. ನಾನು ಕಂಡ ಹಾಗೆ ಬ್ರಾಂಚಲ್ಲಿ ತಿಂಗಳುಗಟ್ಟಲೆ ಕೇಳಿಸಿಕೊಳ್ಳದ ಕೇಸುಗಳಲ್ಲಿ ಇಂಥ ದೂರಿನ ನಂಬರ್ ಬಿದ್ದ ಮೇಲೆ ಹೆಡ್ ಆಫೀಸಿಂದ ಫೋನ್ ಬರ್ತದೆ, ಮಾತುಕತೆ ಸುರು ಆಗುದು ಅಲ್ಲಿಂದಲೇ.

ಏಜೆಂಟರ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಜನ ಕುಸಿಯುದು ಇಲ್ಲೇ. 2022ರ ಆಗಸ್ಟಿನ ಆರ್‌ಬಿಐ ಸುತ್ತೋಲೆ ಪ್ರಕಾರ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದ್ಲು ಸಂಜೆ 7ರ ನಂತರ ಫೋನ್ ಮಾಡೋ ಹಾಗಿಲ್ಲ, ಮೈಕ್ರೋಫೈನಾನ್ಸ್ ಸಾಲವಾದ್ರೆ 9ರಿಂದ 6 ಮಾತ್ರ. ಬೈಯುದು, ಎಲ್ಲರೆದುರು ಮಾನ ಕಳೆಯುದು, ಮನೆಯವರು ಸ್ನೇಹಿತರು ರೆಫರೆನ್ಸ್ ಕೊಟ್ಟವರ ಖಾಸಗಿತನಕ್ಕೆ ಕೈಹಾಕುದು, ಬೆದರಿಕೆ ಅಥವಾ ಹೆಸರಿಲ್ಲದ ಕಾಲ್ ಮಾಡುದು ಯಾವುದೂ ನಡೆಯುದಿಲ್ಲ, ಏಜೆಂಟ್ ಹೊರಗಿನವನಾದ್ರೂ ಅವನ ಕೆಲಸಕ್ಕೆ ಬ್ಯಾಂಕೇ ಜವಾಬ್ದಾರಿ. ಗೂಂಡಾಗಳನ್ನ ಬಿಟ್ಟು ವಸೂಲಿ ಮಾಡುದನ್ನ ಸುಪ್ರೀಂ ಕೋರ್ಟ್ 2007ರಲ್ಲೇ ಪ್ರಕಾಶ್ ಕೌರ್ ಕೇಸಲ್ಲಿ ಕಟುವಾಗಿ ಖಂಡಿಸಿದೆ. ನಮ್ಮಲ್ಲಿ ಇವ್ರು ಹಿಡಿಯೋ ನರ ಗೊತ್ತುಂಟು, ಸೊಸೈಟಿ ವಾಚ್‌ಮನ್ ಹತ್ರ "ಫಲಾನಾ ಫ್ಲ್ಯಾಟಿನವರು ಸಾಲಗಾರರು" ಅಂತ ಹೇಳಿ ಹೋಗುದು, ಹೋಟೆಲಿನ ಗಲ್ಲೆ ಎದುರು ಗಿರಾಕಿಗಳ ಮುಂದೆ ಕೂಗುದು, ಕುಂದಾಪುರ ಕಾರ್ಕಳದ ಮನೆಗೆ ಫೋನ್ ಮಾಡಿ ವಯಸ್ಸಾದ ಅಪ್ಪ ಅಮ್ಮನಿಗೆ "ನಿಮ್ಮ ಮಗನನ್ನ ಪೊಲೀಸ್ ಹಿಡ್ಕೊಂಡು ಹೋಗ್ತಾರೆ" ಅನ್ನುದು. ಊರಲ್ಲಿರೋ ಅಪ್ಪ ಅಮ್ಮನಿಗೆ ಮೊದಲೇ ನೀವೇ ಫೋನ್ ಮಾಡಿ ವಿಷಯ ಹೇಳಿಬಿಡಿ. ಅಷ್ಟು ಮಾಡಿದ್ರೆ ಏಜೆಂಟಿನ ಕೈಯಲ್ಲಿರೋ ದೊಡ್ಡ ಆಯುಧ ಹೋಯ್ತು. ಸಾಲ ಕಟ್ಟಲಾಗದೆ ಇರುದು ಸಿವಿಲ್ ವಿಷಯ, ಅದೊಂದಕ್ಕೇ ಪೊಲೀಸ್ ಬಂದು ಹಿಡಿಯುದಿಲ್ಲ, ಸುಳ್ಳು ದಾಖಲೆ ಕೊಟ್ಟು ಸಾಲ ತೆಗ್ದಿದ್ರೆ ಅಥವಾ ಚೆಕ್, ಆಟೋ ಡೆಬಿಟ್ ಬೌನ್ಸ್ ಆಗಿದ್ರೆ ಮಾತು ಬೇರೆ, ಅದನ್ನ ಕೆಳಗೆ ಹೇಳಿದ್ದೇನೆ.

ಬಂದವನ ಹತ್ರ ಐಡಿ ಕಾರ್ಡು ಮತ್ತು ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ ಕೇಳಿ, ಫೋಟೋ ತೆಗಿರಿ, ಬಾಗಿಲ ಹೊರಗೇ ಮಾತಾಡಿ, ಒಂದು ನೋಟ್‌ಬುಕ್ಕಲ್ಲಿ ತಾರೀಕು ಗಂಟೆ ನಂಬರು ಬರ್ದಿಡಿ, ಕಾಲ್ ರೆಕಾರ್ಡ್ ಇಟ್ಕೊಳ್ಳಿ. ಬೆದರಿಕೆ ಬಂದ್ರೆ ಹತ್ತಿರದ ಪೊಲೀಸ್ ಠಾಣೆಗೆ ಲಿಖಿತ ದೂರು, ಕ್ರಿಮಿನಲ್ ಬೆದರಿಕೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್. ಠಾಣೆಯಲ್ಲಿ ಹೆಚ್ಚಾಗಿ ಎನ್‌ಸಿ (ಎಫ್‌ಐಆರ್ ಅಲ್ಲದ ಸಣ್ಣ ದೂರಿನ ದಾಖಲೆ) ಬರ್ಕೊಂಡು ಕಳಿಸ್ತಾರೆ, ಪರ್ವಾಗಿಲ್ಲ, ಆ ಎನ್‌ಸಿ ಕಾಪಿಯನ್ನ ನೋಡಲ್ ಆಫೀಸರಿಗೂ ಓಂಬುಡ್ಸ್‌ಮನ್ ದೂರಿಗೂ ಸೇರ್ಸಿ. ಸಾಲದ ಆ್ಯಪಿನವರು ಕಾಂಟ್ಯಾಕ್ಟ್ ಲಿಸ್ಟಿಗೆಲ್ಲ ಫೋಟೋ ಕಳಿಸ್ತೇವೆ ಅಂತ ಹೆದರಿಸಿದ್ರೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆರ್‌ಬಿಐಯ ಸಚೇತ್ ಪೋರ್ಟಲ್ಲಿಗೂ ಹಾಕಿ. ಆ್ಯಪ್ ನಿಮ್ಮ ಕಾಂಟ್ಯಾಕ್ಟ್, ಗ್ಯಾಲರಿಗೆ ಕೈಹಾಕುದನ್ನೇ ಆರ್‌ಬಿಐ ನಿಷೇಧ ಮಾಡಿದೆ.

ಕೆಲವು ಎನ್‌ಬಿಎಫ್‌ಸಿಗಳು ಮಾತಾಡುದೇ ಇಲ್ಲ, ಸೀದಾ ವಾಟ್ಸಾಪಲ್ಲಿ ಆರ್ಬಿಟ್ರೇಶನ್ (ಕೋರ್ಟಿನ ಹೊರಗೆ ಮಧ್ಯಸ್ಥರಿಂದ ತೀರ್ಪು) ನೋಟಿಸ್ ಬಿಡ್ತಾರೆ. ಇದನ್ನ ಸ್ಪ್ಯಾಮ್ ಅಂತ ಡಿಲೀಟ್ ಮಾಡ್ಬೇಡಿ ದಯವಿಟ್ಟು. ನೀವು ಹೋಗದಿದ್ರೆ ಏಕಪಕ್ಷೀಯ ಆದೇಶ ಆಗಿ ಅದು ಕೋರ್ಟ್ ಡಿಕ್ರಿ (ತೀರ್ಪಿನ ಆದೇಶ) ಹಾಗೇ ಜಾರಿ ಆಗ್ತದೆ, ರದ್ದು ಮಾಡ್ಸಲಿಕ್ಕೆ ಸಿಗುದು ಆದೇಶ ಕೈಗೆ ಬಂದಲ್ಲಿಂದ ಮೂರು ತಿಂಗಳು. ನೋಟಿಸ್ ಬಂದ ಕೂಡಲೇ ಇಮೇಲಿನಲ್ಲಿ ಎರಡು ವಾಕ್ಯ ಬರೀರಿ, ಸಾಲ ಕೊಟ್ಟ ಕಂಪನಿ ತಾನೊಬ್ಬನೇ ನೇಮಿಸಿದ ಆರ್ಬಿಟ್ರೇಟರನ್ನ ನಾನು ಒಪ್ಪುದಿಲ್ಲ, ಪರ್ಕಿನ್ಸ್ ಈಸ್ಟ್‌ಮನ್ ಕೇಸಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನ ತಪ್ಪು ಅಂದಿದೆ ಅಂತ. ಆಮೇಲೆ ವಕೀಲರನ್ನ ನೋಡಿ. ವಕೀಲರಿಗೆ ದುಡ್ಡಿಲ್ಲ ಅಂದ್ರೆ 15100ಕ್ಕೆ ಫೋನ್ ಮಾಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗ್ತಾರೆ, ಹೆಂಗಸರಿಗೆ ಮತ್ತು ಎಸ್‌ಸಿ ಎಸ್‌ಟಿಯವರಿಗೆ ಆದಾಯದ ಮಿತಿ ಇಲ್ಲ.

ಫ್ಲ್ಯಾಟ್ ಅಡವಿದ್ದವರಿಗೆ ಸಮಯವೇ ಎಲ್ಲ. 90 ದಿನ ಹಫ್ತಾ ನಿಂತ್ರೆ ಅಕೌಂಟ್ ಎನ್‌ಪಿಎ (ಕೆಟ್ಟ ಸಾಲ), ಆಮೇಲೆ ಅಡವಿಟ್ಟದ್ದನ್ನ ಬ್ಯಾಂಕೇ ವಶಕ್ಕೆ ತಗೊಳ್ಳೋ 2002ರ ಸರ್ಫೇಸಿ ಕಾಯ್ದೆಯ 13(2) ನೋಟಿಸ್, ಅದ್ರಲ್ಲಿ 60 ದಿನ ಇರ್ತದೆ. ಆ 60 ದಿನದೊಳಗೆ ನಿಮ್ಮ ಪ್ಲಾನನ್ನೂ ಲೆಕ್ಕದ ತಕರಾರನ್ನೂ ಲಿಖಿತವಾಗಿ ಹಾಕಿದ್ರೆ ಬ್ಯಾಂಕ್ 15 ದಿನದೊಳಗೆ ಒಪ್ಪದಿರೋ ಕಾರಣ ತಿಳಿಸಲೇಬೇಕು. ಬೇರೆಲ್ಲೂ ಸಿಗದ ಕಾರಣ ಇಲ್ಲಿ ಕಾನೂನಿಂದಲೇ ಸಿಗ್ತದೆ, ಆದ್ರೆ ಹೆಚ್ಚಿನವರು ನೋಟಿಸ್ ಬಂದದ್ದನ್ನ ಮನೆಯವರಿಂದ ಮುಚ್ಚಿಟ್ಟು ದಿನ ಕಳೀತಾರೆ. ಪೊಸೆಶನ್ ನೋಟಿಸ್ ಅಂಟಿಸಿದ ಮೇಲೆ ಡಿಆರ್‌ಟಿಗೆ (ಸಾಲ ವಸೂಲಿ ನ್ಯಾಯಮಂಡಳಿ) ಹೋಗ್ಲಿಕ್ಕೆ 45 ದಿನ, ಮುಂಬೈಯಲ್ಲೂ ಪುಣೆಯಲ್ಲೂ ಡಿಆರ್‌ಟಿ ಉಂಟು.

ಪತಪೇಢಿ ಇನ್ನೊಂದು ಲೋಕ. ಅದು ಆರ್‌ಬಿಐ ಓಂಬುಡ್ಸ್‌ಮನ್ ಕೈಗೆ ಬರುದಿಲ್ಲ, ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆ 1960 ಪ್ರಕಾರ ನಡಿತದೆ, ಅದರ ಮೇಲಿರುದು ಸಹಕಾರ ಖಾತೆಯ ಡೆಪ್ಯುಟಿ ರಿಜಿಸ್ಟ್ರಾರ್. ಅವ್ರು ಕೋರ್ಟಿಗೆ ಹೋಗುದೇ ಬೇಡ, 101ನೇ ಸೆಕ್ಷನಿನಲ್ಲಿ ರಿಜಿಸ್ಟ್ರಾರ್ ಹತ್ರ ವಸೂಲಿ ದಾಖಲೆ ತೆಗ್ದು ಸಂಬಳ, ಮನೆ, ಜಾಮೀನು ಹಾಕಿದವರ ಸಂಬಳಕ್ಕೂ ಬರ್ತಾರೆ. ಊರಿನವನು ಅಂತ ನಂಬಿ ಸಹಿ ಹಾಕಿದ ಜಾಮೀನುದಾರ ನಿಮ್ಮಿಂದಾಗಿ ಪೇಚಿಗೆ ಸಿಗ್ತಾನೆ, ಹಾಗಾಗಿ ಪ್ಲಾನ್ ಮಾಡುವಾಗಲೇ ಅವರನ್ನ ಕೂರಿಸ್ಕೊಂಡು ಮಾತಾಡಿ. 101ರ ವಿಚಾರಣೆಗೆ ಕರೆ ಬಂದ ದಿನ ಇಬ್ರೂ ತಪ್ಪದೆ ಹೋಗಿ, ಬಡ್ಡಿ ಲೆಕ್ಕದ ತಕರಾರು ಕಂತಿನ ಬೇಡಿಕೆ ಎರಡನ್ನೂ ಅಲ್ಲೇ ಬರ್ದು ಕೊಡಿ. ದಾಖಲೆ ಆದ ಮೇಲೆ ರಿವಿಜನ್ನಿಗೆ (ಮೇಲಿನವರಿಂದ ಮರುಪರಿಶೀಲನೆ) ಹೋಗ್ಬೇಕಂದ್ರೆ ಬಾಕಿಯ ಅರ್ಧ ಮೊತ್ತ ಮೊದ್ಲು ಕಟ್ಬೇಕಾಗ್ತದೆ, ಅಷ್ಟು ದುಡ್ಡಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ.

ಸಾವ್ಕಾರನ ಸಾಲ. ತಿಂಗಳಿಗೆ ನೂರಕ್ಕೆ 5, 10 ಅಂತ ಬಡ್ಡಿ ತಗೊಂಡು ಖಾಲಿ ಚೆಕ್ಕಿಗೆ ಸಹಿ ಹಾಕಿಸ್ಕೊಂಡವನು ಕೌನ್ಸೆಲರ್ ಪ್ಲಾನ್ ಅಂದ್ರೆ ಕೇಳುದಿಲ್ಲ. ಮಹಾರಾಷ್ಟ್ರದಲ್ಲಿ 2014ರ ಸಾಲ ವ್ಯವಹಾರ ನಿಯಂತ್ರಣ ಕಾಯ್ದೆ ಪ್ರಕಾರ ಬಡ್ಡಿ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಇಲ್ಲದವನಿಗೆ ಐದು ವರ್ಷದವರೆಗೆ ಜೈಲು ಆಗ್ಬಹುದು, ಕೋರ್ಟಲ್ಲಿ ವಸೂಲಿ ಡಿಕ್ರಿಯೂ ಸಿಗುದಿಲ್ಲ. ಲೈಸೆನ್ಸ್ ಉಂಟಾ ಅಂತ ಸಹಾಯಕ ರಿಜಿಸ್ಟ್ರಾರ್ ಆಫೀಸಲ್ಲಿ ವಿಚಾರಿಸಿ, ಇಲ್ಲ ಅಂತಾದ್ರೆ ಅಲ್ಲೇ ಲಿಖಿತ ದೂರು ಕೊಡಿ, ಬಡ್ಡಿ ಕೊಟ್ಟ ಯುಪಿಐ ಎಂಟ್ರಿಗಳೇ ಸಾಕ್ಷಿ, ಇನ್ನು ಮುಂದೆ ನಗದು ಕೊಡುದು ನಿಲ್ಸಿ. ಚೆಕ್ ಮಾತ್ರ ಹುಷಾರು. ಬೌನ್ಸ್ ಆಗಿ ನೋಟಿಸ್ ಬಂದ್ರೆ 15 ದಿನದೊಳಗೆ ದುಡ್ಡು ಕೊಡ್ಬೇಕು, ಇಲ್ಲದಿದ್ರೆ ಚೆಕ್ ಬೌನ್ಸಿನ 138ನೇ ಸೆಕ್ಷನಿನ ಕೇಸ್, ಅದು ಕ್ರಿಮಿನಲ್. ನಾನು ಖಾಲಿ ಚೆಕ್ ಕೊಟ್ಟಿದ್ದೆ ಅಂದ್ರೆ ಅಷ್ಟಕ್ಕೇ ಬಚಾವಾಗ್ಲಿಕ್ಕೆ ಆಗುದಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಷ್ಟು ತಗೊಂಡಿದ್ದು ಎಷ್ಟು ಕೊಟ್ಟಾಯ್ತು ಅಂತ ವಕೀಲರ ಮೂಲಕ ಉತ್ತರ ಹೋಗ್ಬೇಕು. ಬ್ಯಾಂಕಿನ ಆಟೋ ಡೆಬಿಟ್ ಬೌನ್ಸಿಗೂ 2007ರ ಪೇಮೆಂಟ್ ಕಾಯ್ದೆಯಲ್ಲಿ ಹೆಚ್ಚುಕಮ್ಮಿ ಇದೇ ರೀತಿ ಕೇಸ್ ಉಂಟು, ಹಾಗಾಗಿ ಹಫ್ತಾ ಕಟ್ಟಲಾಗುದಿಲ್ಲ ಅಂತ ಗೊತ್ತಾದ ಕೂಡಲೇ ತಾರೀಕಿಗೆ ಮೊದ್ಲೇ ಪತ್ರ ಹಾಕಿ.

ಭಿಶಿ, ಸಂಬಂಧಿಕರು: ಕೂತು ಮಾತಾಡಿ, ಒಂದು ಚೀಟಿಯಲ್ಲಿ ಕಂತು ಬರ್ದು ಇಬ್ರೂ ಸಹಿ ಹಾಕಿ.

ಎಲ್ಲ ಆದ್ರೂ ಜಗ್ಗದಿದ್ರೆ ಲೋಕ ಅದಾಲತ್ ಕೇಳಿ. ಕೇಸ್ ಹಾಕೋ ಮೊದಲೇ ಪ್ರಿ ಲಿಟಿಗೇಶನ್ ಅಂತ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡ್ಬಹುದು, ರಾಷ್ಟ್ರೀಯ ಲೋಕ ಅದಾಲತ್ ದಿನ ಬ್ಯಾಂಕುಗಳು ಸೆಟಲ್ ಮಾಡೋ ಅಧಿಕಾರ ಇರೋ ಆಫೀಸರನ್ನ ಕಳಿಸ್ತಾವೆ, ಕೌಂಟರಲ್ಲಿ ಸಿಗದ ವ್ಯಕ್ತಿ ಅಲ್ಲಿ ಎದುರು ಕೂತಿರ್ತಾರೆ. ಅಲ್ಲಿ ಆದ ಒಪ್ಪಂದಕ್ಕೆ ಅಪೀಲ್ ಇಲ್ಲ, ಹಾಗಾಗಿ ಕೈಲಾಗದ ಕಂತಿಗೆ ಮುಲಾಜಿಗೆ ಬಿದ್ದು ಸಹಿ ಹಾಕ್ಬೇಡಿ.

ಸಿವಿಲ್ ಕೇಸೇ ಹಾಕಿದ್ರು ಅಂತಿಟ್ಕೊಳ್ಳಿ, ಆಕಾಶ ಬೀಳುದಿಲ್ಲ. ಮಾಮೂಲಿ ಸಿವಿಲ್ ಡಿಕ್ರಿಯಲ್ಲಿ ಸಂಬಳದ ಮೊದಲ 1,000 ಮತ್ತು ಉಳಿದದ್ದರ ಮೂರನೇ ಎರಡು ಭಾಗ ಮುಟ್ಟುವ ಹಾಗಿಲ್ಲ, ಪಿಎಫ್ ಗ್ರಾಚ್ಯುಟಿ ಮುಟ್ಟುವ ಹಾಗಿಲ್ಲ. ದುಡ್ಡಿನ ಡಿಕ್ರಿಗೆ ಹೆಂಗಸರನ್ನ ಬಂಧಿಸುವ ಹಾಗಿಲ್ಲ, ಗಂಡಸರನ್ನೂ ದುಡ್ಡಿದ್ದೂ ಬೇಕಂತಲೇ ಕೊಡದಿದ್ರೆ ಮಾತ್ರ ಅಂತ 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪು. ದಿವಾಳಿ ಅರ್ಜಿ ಕೊನೆಯ ಬಾಗಿಲು, ಮುಂಬೈ ನಗರದವರಿಗೆ ಇವತ್ತಿಗೂ 1909ರ ಪ್ರೆಸಿಡೆನ್ಸಿ ಟೌನ್ಸ್ ಕಾಯ್ದೆಯಲ್ಲಿ ಬಾಂಬೆ ಹೈಕೋರ್ಟ್, ಪುಣೆ ಕಡೆಯವರಿಗೆ 1920ರ ಪ್ರಾವಿನ್ಶಿಯಲ್ ಕಾಯ್ದೆ. ಆಸ್ತಿ ಎಲ್ಲ ಕೋರ್ಟಿನ ಕೈಗೆ ಹೋಗ್ತದೆ, ವಕೀಲರಿಲ್ಲದೆ ಆ ಕಡೆ ಹೋಗ್ಬೇಡಿ.

ಫೀಸ್ ತಗೊಂಡು "ಹಫ್ತಾ ಕಟ್ಟುದು ನಿಲ್ಸಿ, ಅರ್ಧಕ್ಕೆ ಮುಗಿಸಿ ಕೊಡ್ತೇವೆ" ಅನ್ನೋ ಸೆಟಲ್‌ಮೆಂಟ್ ಕಂಪನಿಗಳ ಬಲೆಗೆ ಬೀಳ್ಬೇಡಿ, ಆ ಫೀಸಿನ ದುಡ್ಡಲ್ಲಿ ಒಂದು ಕಾರ್ಡಿನ ಕಂತು ಆಗ್ತದೆ, ಕೇಸ್ ಬಂದ ದಿನ ಅವ್ರು ಫೋನ್ ಎತ್ತುದಿಲ್ಲ.

ಕೊನೆಗೂ ಅವ್ರು ಒಪ್ಪಿದ್ರು ಅಂದ್ರೆ, ಫೋನಲ್ಲಿ ಒಪ್ಪಿದ್ದು ಒಪ್ಪಿಗೆ ಅಲ್ಲ. ಲೆಟರ್‌ಹೆಡ್ಡಲ್ಲಿ ಅಥವಾ ಕಂಪನಿಯ ಅಧಿಕೃತ ಇಮೇಲಿಂದ ಲೋನ್ ನಂಬರು, ಮೊತ್ತ, ಕೊನೇ ತಾರೀಕು, ಇದು ಕಟ್ಟಿದ್ರೆ ಪೂರಾ ಚುಕ್ತಾ ಅನ್ನೋ ಮಾತು ಇರೋ ಪತ್ರ ಬಂದ ಮೇಲೆ ದುಡ್ಡು ಹಾಕಿ. ಸಾಲ ಬೇರೆ ಕಂಪನಿಗೆ ಮಾರಿದ್ರೆ ಮಾರಿದ ಪತ್ರ ಮೊದ್ಲು ಕೇಳಿ. ಕಮ್ಮಿಗೆ ಮುಗ್ಸಿದ್ರೆ ಸಿಬಿಲಲ್ಲಿ "ಸೆಟಲ್ಡ್" ಅಂತ ಬರ್ತದೆ, "ಕ್ಲೋಸ್ಡ್" ಬೇಕಾದ್ರೆ ಪೂರಾ ಕಟ್ಬೇಕು, ಮುಂದೆ ಮನೆ ಸಾಲ ಬೇಕಾಗೋ ವಯಸ್ಸಿನವರು ಇದನ್ನ ಯೋಚ್ಸಿ. ನೋ ಡ್ಯೂಸ್ ಸರ್ಟಿಫಿಕೇಟ್, ಕೊಟ್ಟ ಚೆಕ್ಕುಗಳು ವಾಪಸ್ ತಗೊಳ್ಳಿ. ಬ್ಯಾಂಕು ಎನ್‌ಬಿಎಫ್‌ಸಿಯಲ್ಲಿ ಮನೆ ಪತ್ರ ಇಟ್ಟಿದ್ರೆ ಸಾಲ ತೀರಿದ 30 ದಿನದೊಳಗೆ ವಾಪಸ್ ಕೊಡ್ಬೇಕು, ಅವರ ತಪ್ಪಿಂದ ತಡ ಆದ್ರೆ ದಿನಕ್ಕೆ 5,000 ಅವರೇ ಕೊಡ್ಬೇಕು. ಎರಡು ತಿಂಗಳು ಬಿಟ್ಟು ರಿಪೋರ್ಟ್ ತೆಗ್ದು ನೋಡಿ, ಬಾಕಿ ಇನ್ನೂ ಹಾಗೇ ತೋರಿಸ್ತಾ ಇದ್ರೆ ಕ್ರೆಡಿಟ್ ಕಂಪನಿಗೆ ದೂರು ಹಾಕಿ, 30 ದಿನದಲ್ಲಿ ಸರಿ ಆಗದಿದ್ರೆ ಅಲ್ಲಿಂದ ದಿನಕ್ಕೆ 100 ರೂಪಾಯಿ ಪರಿಹಾರ ಸಿಗ್ತದೆ.